ಬಲಗಡೆಯ ಬಾಣ ಕೆಂಪಾಗಿದ್ದಾಗ

ಕಾರಿನಲ್ಲಿ ಎಡಕ್ಕೆ ತಿರುಗುವವರನ್ನು ಕಂಡರೆ ನನಗೆ ಸಣ್ಣ ಹೊಟ್ಟೆಕಿಚ್ಚು. ಅವರದೇನು, ಅಂಚು ಹಿಡಿದು ಮೆಲ್ಲಗೆ ಜಾರಿಕೊಂಡರೆ ಆಯಿತು. ಬಲಕ್ಕೆ ತಿರುಗುವವರ ಪಾಡು ಹಾಗಲ್ಲ. ರಸ್ತೆಯ ನಟ್ಟನಡುವೆ ನಿಂತು, ಎದುರಿನಿಂದ ಬರುವವರ ಮುಖ ನೋಡುತ್ತ, ಹಿಂದಿನವರ ಶಾಪಕ್ಕೆ ಬೆನ್ನು ಕೊಟ್ಟು ಕಾಯಬೇಕು. ನಮ್ಮ ಭಾಷೆಯಲ್ಲಿ ‘ಬಲ’ ಎಂದರೆ ಬಲಗಡೆಯೂ ಹೌದು, ಶಕ್ತಿಯೂ ಹೌದು. ಎರಡೂ ಅರ್ಥಗಳನ್ನು ಒಂದೇ ಪದಕ್ಕೆ ಕಟ್ಟಿದ ಪುಣ್ಯಾತ್ಮ ಯಾವುದೋ ಜನ್ಮದಲ್ಲಿ ನ್ಯೂಜಿಲೆಂಡಿನಲ್ಲಿ ಕಾರು ಓಡಿಸಿರಬೇಕು ಎಂಬುದು ನನ್ನ ಗುಮಾನಿ. ನಾನು ಭಾಷಾ ಪಂಡಿತೆಯಲ್ಲ, ಬರೀ ಡ್ರೈವರು.

ಕೆಂಪು ದೀಪವಿದ್ದಾಗ ತಿರುಗಬಹುದೇ ಎಂಬ ವಿಷಯದಲ್ಲಂತೂ ದೇಶಕ್ಕೊಂದು ಮತ. ಬೆಂಗಳೂರಿನಲ್ಲಿ ಎಷ್ಟೋ ಕಡೆ ‘ಫ್ರೀ ಲೆಫ್ಟ್’. ಇಲ್ಲದ ಕಡೆ ಜನ ತಾವೇ ಮಾಡಿಕೊಳ್ಳುತ್ತಾರೆ. ಅಮೆರಿಕದಲ್ಲಿ ರಸ್ತೆಯೇ ತಿರುಗುಮುರುಗು, ಹಾಗಾಗಿ ಕೆಂಪಿದ್ದರೂ ಬಲಕ್ಕೆ ಹೋಗಬಹುದು. ಹೀಗೆ ಬೇರೆ ಬೇರೆ ಕಡೆ ಕಲಿತು ನ್ಯೂಜಿಲೆಂಡಿನ ಈ ಪಾಮರ್ಸ್ಟನ್ ನಾರ್ತ್ ಊರಿಗೆ ಬಂದ ನಮ್ಮ ಕನ್ನಡದವರು ಹಬ್ಬದೂಟಕ್ಕೆ ಸೇರಿದರೆ ಹೋಳಿಗೆ ಮುಗಿದರೂ ಈ ಚರ್ಚೆ ಮುಗಿಯುತ್ತಿರಲಿಲ್ಲ. ಇಲ್ಲಿನ ಕಾನೂನು ಮಾತ್ರ ಸರಳ. ಎಡವೋ ಬಲವೋ, ಕೆಂಪು ಎಂದರೆ ನಿಲ್ಲು.

ಈ ಸರಳತೆ ನನ್ನ ಯಜಮಾನರಾದ ಗಿರೀಶರಿಗೆ ಬಹಳ ಪ್ರೀತಿ. ಅವರು ಹಾಲಿನ ಪ್ರೋಟೀನಿನ ಮೇಲೆ ಸಂಶೋಧನೆ ಮಾಡುವವರು. ಮಿಕ್ಸರಿನ ಜೊತೆ ಬರುವ ಸೂಚನೆಗಳನ್ನೂ ಕೊನೆಯ ಪುಟದವರೆಗೆ ಓದುವ ಜೀವ. ಅಂಥವರನ್ನೇ ಕಂಗೆಡಿಸುವಂತೆ 2012ರ ಮಾರ್ಚಿನಲ್ಲಿ ಸರ್ಕಾರ ಒಂದು ನಿಯಮವನ್ನು ತಲೆಕೆಳಗು ಮಾಡಿತು. ಅಲ್ಲಿಯವರೆಗೆ ಎಡಕ್ಕೆ ತಿರುಗುವವರು, ಎದುರಿನಿಂದ ಅದೇ ರಸ್ತೆಗೆ ಬಲಕ್ಕೆ ತಿರುಗುವವರಿಗೆ ದಾರಿ ಬಿಡಬೇಕಿತ್ತು. ಒಂದು ಭಾನುವಾರ ಬೆಳಗಿನಿಂದ ಬಲಕ್ಕೆ ತಿರುಗುವವರೇ ಕಾಯಬೇಕೆಂದಾಯಿತು. ಅದರ ಹಿಂದಿನ ವಾರವಿಡೀ ಗಿರೀಶ್ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಎಡಕ್ಕೂ ಉಪ್ಪಿನಕಾಯಿ ಬಾಟಲಿಯನ್ನು ಬಲಕ್ಕೂ ತಿರುಗಿಸಿ ಪಾಠ ಮಾಡಿದರು. ನನ್ನ ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ ಕೈಯಲ್ಲಿ ತುತ್ತು ಹಿಡಿದು ನೋಡುತ್ತಿದ್ದಳು.

“ಅಳಿಯಂದ್ರ, ಯಾವುದಾರ ಮೊದಲ ಹೋಗಲಿ. ಉಪ್ಪಿನಕಾಯಿ ಈ ಕಡೆ ಬಂದ್ರ ಸಾಕು, ಅನ್ನ ಆರಾಕತ್ತೈತಿ.”

ನನಗೆ ಹೆರಿಗೆ ನೋವು ಶುರುವಾದದ್ದು ಸರಿಯಾಗಿ ಆ ಭಾನುವಾರವೇ, ಬೆಳಕು ಹರಿಯುವ ಹೊತ್ತಿಗೆ.

ಆಸ್ಪತ್ರೆ ಹತ್ತಿರವೇ ಇತ್ತು. ಮೊದಲ ಸಿಗ್ನಲ್ಲಿನಲ್ಲಿ ನಾವು ಬಲಕ್ಕೆ ಹೋಗಬೇಕು, ಬಾಣ ಕೆಂಪು. ನೇರ ಹೋಗುವವರಿಗೆ ಹಸಿರು ಬಂತು, ಹೋಯಿತು. ಅಡ್ಡ ರಸ್ತೆಗೂ ಹಸಿರು ಬಂತು, ಹೋಯಿತು. ನಮ್ಮ ಬಾಣ ಮಾತ್ರ ಕದಲಲಿಲ್ಲ. ಇಲ್ಲಿ ಕಾರು ನಿಲ್ಲಬೇಕಾದ ಗೆರೆಯ ಬಳಿ ರಸ್ತೆಯೊಳಗೆ ತಂತಿ ಹುದುಗಿಸಿರುತ್ತಾರೆ, ಅದರ ಮೇಲೆ ಕಾರು ನಿಂತರೆ ಮಾತ್ರ ದೀಪಕ್ಕೆ ಸುದ್ದಿ ಮುಟ್ಟುತ್ತದೆ ಎಂಬುದು ನಮಗೆ ತಿಳಿದದ್ದು ಆಮೇಲೆ. ಗಿರೀಶ್ ಅತಿ ಎಚ್ಚರಿಕೆಯಿಂದ ಗೆರೆಗಿಂತ ಒಂದು ಕಾರಿನಷ್ಟು ಹಿಂದೆ ನಿಲ್ಲಿಸಿದ್ದರು.

“ಹೋಗ್ರಿ!” ಎಂದೆ.

“ಕೆಂಪು ಐತಿ,” ಎಂದರು. ನನ್ನನ್ನೊಮ್ಮೆ, ದೀಪವನ್ನೊಮ್ಮೆ ನೋಡಿದರು. ನನ್ನ ನೋವಿಗೂ ಆ ದೀಪಕ್ಕೂ ನಡುವೆ ಸಿಕ್ಕಿಕೊಂಡ ಅವರನ್ನು ಈಗ ನೆನೆದರೆ ಪಾಪ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

“ನಾ ಇಲ್ಲೇ ಕಾರಿನ್ಯಾಗ ಹಡೀತೇನಿ ನೋಡ್ರಿ!” ಎಂದು ಕಿರುಚಿದೆ. ಅವರು ಬೆಚ್ಚಿಬಿದ್ದು ಬ್ರೇಕಿನಿಂದ ಕಾಲು ತೆಗೆದರು. ಕಾರು ಮುಂದೆ ಸರಿದು ಗೆರೆಯ ಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಬಾಣ ಹಸಿರಾಯಿತು.

“ಮೊದಲಽ ಒದರಬೇಕಿತ್ತು ನೀ,” ಎಂದಳು ಅವ್ವ, ಹಿಂದಿನ ಸೀಟಿನಿಂದ.

ಮುಂದಿನ ಕೂಡುರಸ್ತೆಯಲ್ಲಿ ಬಾಣವಿಲ್ಲ, ಬರೀ ಹಸಿರು. ನಾವು ಬಲಕ್ಕೆ ತಿರುಗಬೇಕು. ಎದುರಿಗೆ ಪುಟ್ಟ ನೀಲಿ ಕಾರಿನಲ್ಲಿ ಒಬ್ಬ ಅಜ್ಜಿ ಎಡಕ್ಕೆ ತಿರುಗಬೇಕು. ಹೊಸ ನಿಯಮದಂತೆ ಗಿರೀಶ್ ನಿಂತರು. ಹಳೆಯ ಅಭ್ಯಾಸದಂತೆ ಅಜ್ಜಿಯೂ ನಿಂತರು. ಇವರು ಕೈ ಬೀಸಿದರು, ಅವರೂ ಬೀಸಿದರು. ಇಬ್ಬರೂ ಒಟ್ಟಿಗೆ ಹೊರಟರು, ಇಬ್ಬರೂ ಒಟ್ಟಿಗೆ ಬೆದರಿ ನಿಂತರು.

“ಮದಿವ್ಯಾಗ ಮೊದಲ ಪಂಕ್ತಿಗೆ ನೀವು ಕೂಡ್ರಿ, ನೀವು ಕೂಡ್ರಿ ಅಂತಾರಲ್ಲ, ಹಂಗಾತಿದು,” ಎಂದ ಅವ್ವ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, ಅಚ್ಚ ಧಾರವಾಡ ಕನ್ನಡದಲ್ಲಿ ಕೂಗಿದಳು: “ನೀ ಹೋಗವಾ ತಾಯಿ! ನಮ್ಮ ಹುಡುಗಿಗೆ ಬ್ಯಾನಿ ಎದ್ದೈತಿ, ಲಗೂನ ಹೋಗು!”

ಅಜ್ಜಿಗೆ ಏನು ತಿಳಿಯಿತೋ, ನಕ್ಕು, ಹಾರ್ನ್ ಹೊಡೆದು ಹೋದರು. ನೋವಿನ ನಡುವೆಯೂ ನನಗೆ ನಗು ಬಂತು. ಗಿರೀಶರೂ ನಕ್ಕರು, ಕಣ್ಣೊರೆಸಿಕೊಂಡು ಬಲಕ್ಕೆ ತಿರುಗಿಸಿದರು.

ನಾವು ಆಸ್ಪತ್ರೆ ಮುಟ್ಟಿದ ಮೇಲೆ ನನ್ನ ಹೆರಿಗೆ ಮಾಡಿಸಬೇಕಿದ್ದ ಸೂಲಗಿತ್ತಿ ಏದುಸಿರು ಬಿಡುತ್ತ ಬಂದರು. “ಕ್ಷಮಿಸಿ, ಕೂಡುರಸ್ತೆಯಲ್ಲಿ ಯಾರೂ ಮುಂದೆ ಹೋಗಲೊಲ್ಲರು,” ಎಂದು ಇಂಗ್ಲಿಷಿನಲ್ಲಿ ಗೊಣಗಿ ಕೈ ತೊಳೆಯಲು ಹೋದರು. ಮಧ್ಯಾಹ್ನದ ಹೊತ್ತಿಗೆ ಮೇಘಾ ಹುಟ್ಟಿದಳು. ಅವಳು ಯಾರಿಗೂ ದಾರಿ ಬಿಡದೆ, ಯಾವ ದೀಪವನ್ನೂ ನೋಡದೆ, ಅಳುತ್ತಲೇ ನುಗ್ಗಿ ಬಂದಳು.

ಮೇಘಾಳಿಗೆ ಏಳು ತುಂಬಿದ ವರ್ಷ, ಒಂದು ರಜೆಯ ಬೆಳಿಗ್ಗೆ ಮೂವರೂ ಈಜುಕೊಳಕ್ಕೆ ಹೊರಟಿದ್ದೆವು. ಬಲಗಡೆಯ ಬಾಣ ಕೆಂಪು. ಉದ್ದಕ್ಕೂ ಚಾಚಿಕೊಂಡ ಚಪ್ಪಟೆ ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲ.

“ಅಪ್ಪಾ, ವೈ ಆರ್ ವಿ ವೇಟಿಂಗ್? ದೇರ್ಸ್ ನೋಬಡಿ ಹಿಯರ್,” ಎಂದಳು.

ಗಿರೀಶ್ ಕನ್ನಡಿಯಲ್ಲಿ ಅವಳನ್ನು ನೋಡಿ, “ನಾವು ಅದೀವಲ್ಲವ್ವಾ,” ಎಂದರು.

ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕೊನೆಗೆ ನಮ್ಮಿಬ್ಬರನ್ನೂ ನೋಡಿದಳು.

“ಓಕೆ ದೆನ್, ವೇಟ್,” ಎಂದು ಅಪ್ಪಣೆ ಕೊಟ್ಟಳು.