ಶಿವಾಜಿನಗರದಲ್ಲೊಂದು ಮಂಡಿನೋವು

ಪ್ರಾಸ್ಟೇಟ್ ಆಪರೇಷನ್ ಆದಮೇಲೆ ಇದು ನನ್ನ ಮೊದಲ ಪ್ರಯಾಣ, ಲಿಂಗರಾಜಪುರದ ತಂಗಿಯ ಮನೆಗೆ. ಶಿವಾಜಿನಗರದಲ್ಲಿ ಬಸ್ಸಿಳಿಯುವಷ್ಟರಲ್ಲಿ ಪ್ಯಾಂಟು ಒದ್ದೆಯಾಗಿತ್ತು. ಚೀಲವನ್ನು ಮುಂದಕ್ಕೆ ಹಿಡಿದುಕೊಂಡು ಬಟ್ಟೆಯಂಗಡಿಯೊಂದರ ಮೆಟ್ಟಿಲು ಹತ್ತಿದೆ. ಬಿಳಿಗಡ್ಡದ ಮಾಲೀಕರು ಏನನ್ನೂ ಕೇಳದೆ ಕಪ್ಪು ಪ್ಯಾಂಟೊಂದನ್ನು ಕೊಟ್ಟು, ಒಳಗಿನ ಬಚ್ಚಲು ತೋರಿಸಿದರು.

ಬದಲಿಸಿಕೊಂಡು ಬಂದು, "ಪ್ರಾಸ್ಟೇಟ್ ಆಪರೇಷನ್ ಆಗಿದೆ," ಎಂದು ತಡವರಿಸಿದೆ.

"ನಂದೂ ಆಗಿದೆ ಸಾರ್. ಎರಡು ವರ್ಷ ಆಯ್ತು, ಇನ್ನೂ ಸೋರ್ತದೆ."

ಎದುರಿನ ಮಸೀದಿಯಿಂದ ಅಜಾನ್ ಕೇಳಿಸಿತು.

"ಅಲ್ಲಿ ಎಲ್ಲರ ಮುಂದೆ ನಿಂತು ನಮಾಜ್ ಓದಿಸ್ತಿದ್ದೋನು ನಾನೇ. ಹಿಂಗೆ ಸೋರೋನು ಮುಂದೆ ನಿಲ್ಲಂಗಿಲ್ಲ ಸಾರ್. ಈಗ ಹಿಂದಿನ ಸಾಲು. ಮಂಡಿನೋವು ಅಂತ ಹೇಳಿದೀನಿ ಎಲ್ಲರಿಗೂ."

ಟೋಪಿ ಇಟ್ಟುಕೊಂಡು ಮೆಟ್ಟಿಲುಗಳನ್ನು ಸರಸರನೆ ಇಳಿದರು. ರಸ್ತೆ ದಾಟಿ, ಮಸೀದಿಯ ಬಾಗಿಲು ಹತ್ತಿರವಾಗುತ್ತಿದ್ದಂತೆ ಕುಂಟತೊಡಗಿದರು.