ಎದುರುಮನೆ ಟಿವಿಗೆ ಅಕ್ಕನ ದನಿ

ನಮ್ಮಕ್ಕ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗುವವಳು. ಅವಳು ‘ಬಸ್ಸು ಹೊರಡಲಿದೆ’ ಎಂದರೆ ಶೌಚಾಲಯದಲ್ಲಿದ್ದವರೂ ಎದ್ದುಬಿದ್ದು ಓಡಿ ಬರುತ್ತಾರೆ. ಇಂಥ ಸಾಮ್ರಾಜ್ಞಿಯ ಸಿಂಹಾಸನ ಕಳೆದ ಭಾನುವಾರ ಗಡಗಡ ಅಲುಗಿತು.

ಆ ಸಿಂಹಾಸನ ಅವಳಿಗೆ ದಕ್ಕಿದ್ದು ನಾವೆಲ್ಲ ಚಿಕ್ಕವರಿದ್ದಾಗ. ನಮ್ಮನೆಯಲ್ಲಿ ಟಿವಿ ಇರಲಿಲ್ಲ. ಎದುರುಮನೆಯವರ ಕಿಟಕಿ ಮಾತ್ರ ನಮ್ಮ ಮಹಡಿ ಮೆಟ್ಟಿಲಿಗೆ ನೇರವಾಗಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ನಗೆ ಧಾರಾವಾಹಿಯನ್ನು ಅಲ್ಲೇ ಸಾಲಾಗಿ ಕೂತು ನೋಡುತ್ತಿದ್ದೆವು. ಚಿತ್ರ ಚೆನ್ನಾಗಿ ಕಾಣುತ್ತಿತ್ತು, ಮಾತು ಒಂದಕ್ಷರವೂ ಕೇಳುತ್ತಿರಲಿಲ್ಲ.

‘ನಂಗೆ ತುಟಿ ನೋಡಿದ್ರೆ ಸಾಕು, ಮಾತು ತಿಳಿಯತ್ತೆ’ ಎಂದು ಅಕ್ಕ ಘೋಷಿಸಿದಳು. ಅಂದಿನಿಂದ ಗಂಡ, ಹೆಂಡತಿ, ಅತ್ತೆ, ನಾಯಿ ಎಲ್ಲರ ಮಾತೂ ಅವಳ ಬಾಯಿಂದಲೇ. ನಾಯಿಯ ತುಟಿಯನ್ನು ಹೇಗೆ ಓದಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದವರನ್ನು ಮೆಟ್ಟಿಲಿಂದ ಇಳಿಸುವ ಅಧಿಕಾರವೂ ಅವಳದೇ ಆಗಿತ್ತು.

ಈಗ ಅದೇ ಧಾರಾವಾಹಿ ತಮ್ಮನ ಹೊಸ ಟಿವಿಯಲ್ಲಿ ಸಿಕ್ಕಿಬಿಟ್ಟಿತು. ಭಾನುವಾರ ಅಕ್ಕ, ನಾನು, ತಮ್ಮ, ತಂಗಿ ನಾಲ್ವರೂ ಅವನ ಮನೆಯಲ್ಲಿ ಸೇರಿದೆವು. ‘ಹಳೇದು ಕಣ್ರೋ, ಸೌಂಡು ಗ್ಯಾರಂಟಿ ಕೆಟ್ಟಿರತ್ತೆ’ ಎಂದು ಅಕ್ಕ ಮೊದಲೇ ರಾಗ ಎಳೆದಳು.

ತಮ್ಮ ಎಲೆಕ್ಟ್ರಿಷಿಯನ್. ಅವನು ಕಾದಿದ್ದು ಒಂದೇ ದೃಶ್ಯಕ್ಕೆ. ಕತ್ತಲು ಕವಿದ ಮನೆಗೆ ಒಬ್ಬ ಟಾರ್ಚು ಹಿಡಿದು ಬಂದು ಫ್ಯೂಸ್ ಡಬ್ಬ ತೆರೆಯುತ್ತಾನೆ. ‘ನಾನಿರೋವರೆಗೂ ಈ ಮನೇಲಿ ಕತ್ತಲಿಲ್ಲ!’ ಎಂದು ಅಕ್ಕ ಅವತ್ತು ಗಂಡುದನಿಯಲ್ಲಿ ಗುಡುಗಿದ್ದಳು. ಆ ಒಂದು ಮಾತಿಗೆ ಮರುಳಾಗಿ ತಮ್ಮ ಈ ಕಸುಬು ಹಿಡಿದ. ಅಂಗಡಿಯ ಬೋರ್ಡಿನ ಮೇಲೂ ಅದನ್ನೇ ಬರೆಸಿದ್ದಾನೆ.

ದೃಶ್ಯ ಬಂತು. ಸೌಂಡು ಗಂಟೆ ಹೊಡೆದ ಹಾಗಿತ್ತು. ಟಾರ್ಚಿನವನು ಫ್ಯೂಸ್ ಕಿತ್ತು ಜೇಬಿಗಿಳಿಸಿ, ಹಿಂದಿದ್ದವನಿಗೆ ಪಿಸುಗುಟ್ಟಿದ: ‘ಕರೆಂಟ್ ತೆಗೆದಾಯ್ತು. ಬೀರು ಎಲ್ಲಿದೆ ನೋಡು.’

‘ಅಕ್ಕಾ! ಇವನು ಕಳ್ಳ!’ ತಮ್ಮ ಕುರ್ಚಿಯಿಂದ ಎದ್ದುಬಿಟ್ಟ.

‘ಇರಬಹುದು.’

‘ಇರಬಹುದಾ? ಕಳ್ಳನ ಮಾತು ನಂಬಿ ಜೀವಮಾನವೆಲ್ಲ ವೈರು ಎಳೆದ್ನಲ್ಲೇ!’

‘ಅವನ ಮಾತು ನೀನೆಲ್ಲಿ ಕೇಳ್ದೆ? ಕೇಳಿದ್ದು ನಂದು. ಅವನದ್ದೇ ಕೇಳಿಸಿದ್ದಿದ್ರೆ ನೀನು ಇಷ್ಟೊತ್ತಿಗೆ ಕಂಬಿ ಎಣಿಸ್ತಿದ್ದೆ. ಒಂದು ಥ್ಯಾಂಕ್ಸ್ ಹೇಳೋಕೆ ಬಾಯಿ ನೋಯತ್ತಾ?’

ಅಷ್ಟರಲ್ಲಿ ತಂಗಿ ರಿಮೋಟ್ ಕಿತ್ತುಕೊಂಡು ಟಿವಿ ಆರಿಸಿಬಿಟ್ಟಳು.

‘ಯಾಕೇ, ಚೆನ್ನಾಗೇ ಬರ್ತಿತ್ತಲ್ಲ?’ ಎಂದೆ.

‘ಮುಂದಿನ ಕಂತಲ್ಲಿ ಬಿಳಿ ಕೋಟಿನವಳು ಬರ್ತಾಳೆ ಕಣೋ! ಅವಳು ರೋಗೀನ ಸಮಾಧಾನ ಮಾಡೋದು ನೋಡಿ ತಾನೇ ನಾನು ನರ್ಸಾಗಿದ್ದು? ಅವಳು ಐಸ್‌ಕ್ರೀಮ್ ಮಾರೋಳಾಗಿದ್ರೆ ನಾಳೆ ಡ್ಯೂಟಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ?’

‘ಹೆದರಬೇಡ ಕಣೇ,’ ಅಕ್ಕ ಮೈಕಿನ ದನಿಯಲ್ಲೇ ಅಭಯ ಕೊಟ್ಟಳು. ‘ಅವಳ ತುಟಿ ನಂಗೆ ಸ್ಪಷ್ಟವಾಗಿ ಕಂಡಿತ್ತು.’

ತಂಗಿ ರಿಮೋಟನ್ನು ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.