ಠಾಣೆ ಬಾಗಿಲಲ್ಲಿ ಹುಲಿಗೆಮ್ಮ

ಬುಕ್ಕಾಂಬುಧಿಯ ಹುಲಿಗೆಮ್ಮನ ಗಂಡ ಮುದ್ದಪ್ಪ ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಸುಲಿದುಕೊಡುತ್ತಿದ್ದ. ೧೯೭೬ರ ಬೇಸಿಗೆ, ಎಮರ್ಜೆನ್ಸಿ ಕಾಲ. ಅವನು ಕಾಯಿ ಸುಲಿದುಬಂದ ಒಂದು ತೋಟದ ಬಾವಿಯಿಂದ ಪಂಪ್‌ಸೆಟ್ಟಿನ ಮೋಟಾರು ಕಳುವಾಯಿತು. ತೋಟದ ಯಜಮಾನ ಮುದ್ದಪ್ಪನ ಹೆಸರು ಹೇಳಿದ. ಅಷ್ಟೇ. ನೋಡಿದವರಿಲ್ಲ, ಮಾಲು ಸಿಕ್ಕಿಲ್ಲ. ಬೆಳಿಗ್ಗೆ ಪೊಲೀಸ್ ಜೀಪು ಮನೆ ಮುಂದೆ ನಿಂತಿತು.

"ಸಂಜೆಗೆ ಬಿಟ್ಬಿಡ್ತೀವಿ, ಬಾಯಿ ಮಾಡ್ಬೇಡ" ಎಂದು ಹೇಳಿ ಅವನನ್ನು ಹತ್ತಿಸಿಕೊಂಡು ಹೋದರು.

ಸಂಜೆಗೆ ಬಿಡಲಿಲ್ಲ. ಮರುದಿನ ಹುಲಿಗೆಮ್ಮ ಮುದ್ದೆ, ಹುರುಳಿ ಸಾರು ತೆಗೆದುಕೊಂಡು ಠಾಣೆಗೆ ಹೋದಳು. ಗಂಡನನ್ನು ನೋಡಲು ಬಿಡಲಿಲ್ಲ. ಆದರೆ ಬಾಗಿಲಲ್ಲಿದ್ದ ಪೇದೆ ಡಬ್ಬಿ ಇಸಿದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಖಾಲಿ ಡಬ್ಬಿ ತಂದುಕೊಟ್ಟ. ಅದರ ಮಾರನೆಯ ದಿನವೂ ಹಾಗೇ ಆಯಿತು. ಮುಂದಿನ ಸಲ ಹೋದಾಗ ಅದೇ ಪೇದೆ ಅವಳ ಮುಖ ನೋಡದೆ ಒಳಕ್ಕೆ ಸರಿದ. ಸಬ್‌ಇನ್‌ಸ್ಪೆಕ್ಟರು ಹೊರಗೆ ಬಂದ.

"ಯಾವ ಮುದ್ದಪ್ಪ? ಆ ಹೆಸ್ರಿನೋನ್ನ ನಾವು ಕರ್ಕೊಂಡೇ ಬಂದಿಲ್ಲ."

"ನಿನ್ನೆ ಊಟ ಇಸ್ಕೊಂಡ್ರಲ್ಲ ಸ್ವಾಮಿ!"

"ನಿನ್ ಗಂಡ ಯಾವಳ ಜೊತೆ ಓಡೋದ್ನೋ, ಹೋಗಿ ಹುಡುಕ್ಕೋ."

ಹುಲಿಗೆಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದಳು: "ಇಲ್ದೋನಿಗೆ ಊಟ ಯಾಕೆ ಇಸ್ಕೊಂಡ್ರಿ? ತಿಂದೋನ್ ಯಾರು? ಅದ್ನ ಹೇಳಿ ಮೊದ್ಲು!"

ಉತ್ತರವಾಗಿ ಲಾಠಿ ಹೆಗಲ ಮೇಲೆ ಬಿತ್ತು. ರಸ್ತೆಯಲ್ಲಿ ನಿಂತಿದ್ದವರು ಬಸ್ಸು ಬಂದದ್ದೇ ಹತ್ತಿ ಹೊರಟುಬಿಟ್ಟರು.

ಅವಳು ಹತ್ತದ ಕಚೇರಿ ಇಲ್ಲ. ಒಂದು ಕಡೆ, ಪೊಲೀಸರ ವಿಷಯ ನಮಗೆ ಬರುವುದಿಲ್ಲ ಎಂದರು. ಇನ್ನೊಂದು ಕಡೆ, ಸಾಹೇಬರು ಕ್ಯಾಂಪಿನಲ್ಲಿದ್ದಾರೆ ಎಂದರು. ಪೊಲೀಸರ ಮೇಲಧಿಕಾರಿಯೊಬ್ಬರು ಅರ್ಜಿ ತೆಗೆದುಕೊಂಡರು. ವಿಚಾರಣೆ ಮಾಡಿಸುತ್ತೇವೆ ಎಂದೂ ಹೇಳಿದರು. ವಿಚಾರಣೆಗೆಂದು ಆ ಅರ್ಜಿ ಹೋದದ್ದು ಎಲ್ಲಿಗೆ? ಅದೇ ಠಾಣೆಗೆ, ಅದೇ ಸಬ್‌ಇನ್‌ಸ್ಪೆಕ್ಟರನ ಕೈಗೆ! ಅವನು ಹುಲಿಗೆಮ್ಮನನ್ನು ಕರೆಸಿ, ಅವಳೆದುರಿಗೇ ಅದನ್ನು ಓದಿ ನಕ್ಕ. "ಇನ್ನೊಂದ್ಸಲ ಬರೆಸಿದ್ರೆ ನೀನೂ ಇರಲ್ಲ" ಎಂದ.

ಎಮರ್ಜೆನ್ಸಿ ಮುಗಿದ ಮೇಲೆ ಒಂದು ಸುದ್ದಿ ಅವಳ ಕಿವಿಗೆ ಬಿತ್ತು. ಅಜ್ಜಂಪುರದಲ್ಲಿ ಮೋಟಾರು ರಿಪೇರಿ ಮಾಡುವ ರಹಮತ್ ಉಲ್ಲಾನನ್ನು, ಕಳುವಿನ ಮಾಲು ಕೊಂಡಿದ್ದಾನೆಂದು ಹಿಡಿದು, ಮುದ್ದಪ್ಪ ಇದ್ದ ದಿನಗಳಲ್ಲೇ ಅದೇ ಠಾಣೆಯ ಲಾಕಪ್ಪಿನಲ್ಲಿ ಹಾಕಿದ್ದರಂತೆ. ಹುಲಿಗೆಮ್ಮ ಅವನ ಮನೆಗೆ ಹೋದಳು. ಅವನ ಬೆರಳುಗಳು ಸ್ಪ್ಯಾನರ್ ಹಿಡಿಯಲಾರದಷ್ಟು ಸೊಟ್ಟಗಾಗಿದ್ದವು.

"ನಾನೇನೂ ನೋಡಿಲ್ಲಮ್ಮ. ನಿಮ್ಗೆ ಕೈ ಮುಗೀತೀನಿ, ಹೋಗಿ."

ಒಲೆಯ ಮುಂದಿದ್ದ ಅವನ ಹೆಂಡತಿ ಅಮೀನಾಬಿ ಎದ್ದು ಬಂದಳು. "ನಿದ್ದೇಲಿ ಮುದ್ದಪ್ಪ ಮುದ್ದಪ್ಪ ಅಂತ ಕಿರುಚ್ತೀರಿ. ಅವನ ಹೆಂಡ್ತಿ ಎದುರಿಗೆ ಬಂದು ಕೂತವ್ಳೆ. ಈಗ ಬಾಯಿಲ್ವಾ?"

ರಹಮತ್ ಉಲ್ಲಾ ಗೋಡೆ ಕಡೆ ಮುಖ ಮಾಡಿಕೊಂಡೇ ಹೇಳಿದ. "ಮುದ್ದಪ್ಪನ ಕೈ ಹಿಂದಕ್ಕೆ ಕಟ್ಟಿ ತೊಲೆಗೆ ನೇತಾಕಿದ್ರು. ಒಪ್ಕೋ, ಒಪ್ಕೋ ಅಂತ ಹೊಡೆದ್ರು. ಕದ್ದಿಲ್ಲ ಅಂತ್ಲೇ ಇದ್ದ. ಆಮೇಲೆ ನೀರು ಕೇಳ್ದ, ಕೊಡ್ಲಿಲ್ಲ. ಆಮೇಲೆ ಏನೂ ಕೇಳ್ಲಿಲ್ಲ. ಕಂಬ್ಳಿ ಸುತ್ತಿ ಜೀಪಿಗೆ ಹಾಕಿದ್ರು."

ಹುಲಿಗೆಮ್ಮ ಅಳಲಿಲ್ಲ. ಸೆರಗನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕೂತಳು. ಆಮೇಲೆ ಕೇಳಿದಳು: "ಇದ್ನ ದೊಡ್ಡ ಸಾಹೇಬ್ರ ಮುಂದೆ ಹೇಳ್ತೀಯೇನಣ್ಣಾ?"

"ಹೇಳ್ತೀನಕ್ಕ. ಇನ್ನೇನು ಮುರೀತಾರೆ?"

ಕಡೂರಿನ ವಕೀಲ ತೀರ್ಥಪ್ಪನವರು ಇಬ್ಬರನ್ನೂ ತರೀಕೆರೆಗೆ ಕರೆದುಕೊಂಡು ಹೋದರು. ಅಲ್ಲಿಗೆ ಹೊಸದಾಗಿ ಬಂದಿದ್ದ ಉಪವಿಭಾಗಾಧಿಕಾರಿ ಪೂರ್ತಿ ಕೇಳಿಸಿಕೊಂಡರು. ಈ ಸಲ ಅರ್ಜಿ ಠಾಣೆಗೆ ಹೋಗಲಿಲ್ಲ. ಅಧಿಕಾರಿಯೇ ಹೋದರು, ಹೇಳದೆ ಕೇಳದೆ. ಲಾಕಪ್ಪಿನ ತೊಲೆಗೆ ಹೊಡೆದಿದ್ದ ಕಬ್ಬಿಣದ ಕೊಂಡಿಯನ್ನು ತೋರಿಸಿ ಠಾಣೆಯವರನ್ನು ಕೇಳಿದರು:

"ಇದು ಯಾಕೆ?"

"ತೂಕ ಮಾಡೋಕೆ ಸಾರ್."

"ಏನನ್ನ?"

ಆಗ, ಅವತ್ತು ಡಬ್ಬಿ ಇಸಿದುಕೊಂಡಿದ್ದ ಪೇದೆ ಮುಂದೆ ಬಂದು, ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿಬಿಟ್ಟ.

ಕೇಸು ವರ್ಷಗಟ್ಟಲೆ ಎಳೆಯಿತು. ರಹಮತ್ ಉಲ್ಲಾನ ಅಂಗಡಿಯ ಬಾಗಿಲು ಒಡೆದರು. ಹುಲಿಗೆಮ್ಮನನ್ನು ಕೂಲಿಗೆ ಕರೆಯಬಾರದೆಂದು ತೋಟದ ಯಜಮಾನ ಊರಲ್ಲಿ ಹೇಳಿಸಿದ. ಆದರೂ ಅವರಿಬ್ಬರೂ ಕೋರ್ಟಿನ ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ೧೯೮೨ರಲ್ಲಿ ತೀರ್ಪು ಬಂತು. ಅಕ್ರಮವಾಗಿ ಕೂಡಿಹಾಕಿ ಹಿಂಸೆ ಕೊಟ್ಟದ್ದು ರುಜುವಾತಾಯಿತು, ಸಬ್‌ಇನ್‌ಸ್ಪೆಕ್ಟರನಿಗೆ ಜೈಲಾಯಿತು. ಆದರೆ ಹೆಣ ಸಿಗದಿದ್ದರಿಂದ ಕೊಲೆಯ ಆರೋಪ ನಿಲ್ಲಲಿಲ್ಲ.

ಕೋರ್ಟಿನ ಜಗಲಿಯಲ್ಲಿ ಹುಲಿಗೆಮ್ಮ ಸಿಡಿದೆದ್ದಳು. "ಹೆಣ ಬಚ್ಚಿಟ್ಟಿದ್ಕೆ ಶಿಕ್ಷೆ ಕಮ್ಮಿ ಮಾಡಿದ್ರಾ? ಚೆನ್ನಾಗಿ ಬಚ್ಚಿಟ್ಟೆ ಅಂತ ಇನಾಮಾ?"

"ನಂಗೂ ಅದೇ ಹೊಟ್ಟೆ ಉರಿ ಕಣಮ್ಮ" ಎಂದರು ತೀರ್ಥಪ್ಪ. ಹಿಡಿದವರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು, ಅಷ್ಟು ಮಾಡಿದ್ದರೆ ಮುದ್ದಪ್ಪ ಉಳಿಯುತ್ತಿದ್ದ ಎಂದೂ ಅವರೇ ಹೇಳಿದರು. ಆ ಮಾತು ಅವಳ ಎದೆಗೆ ಚುಚ್ಚಿತು. ಇಂಥ ಕಾನೂನು ಇದೆಯೆಂದು ಅವಳು ಹತ್ತಿದ ಒಂದು ಕಚೇರಿಯಲ್ಲೂ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಸುತ್ತಿನ ಊರುಗಳಲ್ಲಿ ಯಾರನ್ನು ಹಿಡಿದರೂ ಅವರ ಮನೆಯ ಹೆಂಗಸರ ಜೊತೆ ಹುಲಿಗೆಮ್ಮ ಠಾಣೆಗೆ ಹೋಗುತ್ತಿದ್ದಳು. ಹಿಡಿದವನ ಹೆಸರನ್ನು ರಸ್ತೆಗೆ ಕೇಳುವಂತೆ ಕೂಗುತ್ತಿದ್ದಳು. ಬೈದರೂ ಕದಲುತ್ತಿರಲಿಲ್ಲ. ತೀರ್ಥಪ್ಪನವರ ದೂರುಗಳಿಂದಾಗಿ ಮ್ಯಾಜಿಸ್ಟ್ರೇಟರು ಆಗಾಗ ಲಾಕಪ್ಪು ನೋಡಿ ಹೋಗತೊಡಗಿದರು.

೧೯೮೬ರಲ್ಲಿ ಸಿಂಗಟಗೆರೆಯ ಅಂಜಿನಮ್ಮನ ತಮ್ಮ ಹೊನ್ನಯ್ಯನನ್ನು ಒಂದು ಜಗಳದ ಕೇಸಿನಲ್ಲಿ ಹಿಡಿದರು. ಇಬ್ಬರೂ ಹೆಂಗಸರು ಠಾಣೆಗೆ ಹೋದರು. ಹೊಸ ಸಬ್‌ಇನ್‌ಸ್ಪೆಕ್ಟರು ಬೆಂಚು ತೋರಿಸಿದ.

"ಕೂತ್ಕೊಳಮ್ಮ."

"ಕೂರಾಕೆ ಬಂದಿಲ್ಲ. ಹೊನ್ನಯ್ಯನ್ನ ಕಣ್ಣಿಗೆ ತೋರ್ಸಿ."

ಕರೆತಂದರು. ಹುಲಿಗೆಮ್ಮ ಅವನ ಅಂಗಿ ಎತ್ತಿಸಿ ಬೆನ್ನು ನೋಡಿದಳು. ಗಾಯವಿರಲಿಲ್ಲ.

"ನೋಡಿದ್ಯಲ್ಲ? ಕಾಲ ಬದಲಾಗಿದೆ. ಇನ್ನಾದ್ರೂ ಸಿಟ್ಟು ಬಿಡಮ್ಮ" ಎಂದ ಸಬ್‌ಇನ್‌ಸ್ಪೆಕ್ಟರು.

"ನನ್ ಗಂಡನ್ನ ಎಲ್ಲಿ ಹೂತ್ರಿ ಅಂತ ನಿಮ್ ಇಲಾಖೆ ಹೇಳ್ಲಿ. ಆಮೇಲೆ ನೋಡಾನ."

ಮಧ್ಯಾಹ್ನದ ಬಸ್ಸಿಗೆ ಹೊನ್ನಯ್ಯನನ್ನು ಕೋರ್ಟಿಗೆ ಕರೆದುಕೊಂಡು ಹೊರಟರು. ಹುಲಿಗೆಮ್ಮ ಅಂಜಿನಮ್ಮನ ಕೈ ಹಿಡಿದುಕೊಂಡು ಅದೇ ಬಸ್ಸು ಹತ್ತಿದಳು.